ಗಿಣ್ಣಿನ ಪಾತ್ರೆ ಇರುವ ಮನೆಗೆ ಸಿಲಿಕಾನ್ ಪ್ಯಾನ್ ಬೇಕೆ?

ಹೋದ ತಿಂಗಳ ಬಟವಾಡೆ ದಿನ ನಮ್ಮ ಮಹಿಳಾ ಹಾಲು ಉತ್ಪಾದಕರ ಸಂಘದ ಜಗಲಿಯಲ್ಲಿ ಸಣ್ಣದೊಂದು ಜಗಳವಾಯಿತು. ಕಾರಣ ಹಸುವಲ್ಲ, ಫ್ಯಾಟ್ ಅಲ್ಲ, ಹಿಂಡಿಯ ರೇಟೂ ಅಲ್ಲ. ಚೀಸ್‌ಕೇಕ್! ನಮ್ಮ ಸ್ತ್ರೀಶಕ್ತಿ ಗುಂಪಿನ ನಾಲ್ಕೈದು ಮಂದಿ, ಗುಂಪಿನ ಲೆಕ್ಕದಲ್ಲಿ 40,000 ರೂಪಾಯಿ ಸಾಲ ತೆಗೆದು ಒಂದು ಒವನ್, ಒಂದು ಮಿಕ್ಸರ್, ಅರ್ಧ ಡಜನ್ ಸಿಲಿಕಾನ್ ಪ್ಯಾನ್ ತರಿಸೋಣ, ಶಿವಮೊಗ್ಗಕ್ಕೂ ಭದ್ರಾವತಿಗೂ ಚೀಸ್‌ಕೇಕ್ ಮಾಡಿ ಕೊಡೋಣ ಎಂದರು. ನಾನು ಒವನ್ ಬೇಡ, ಪ್ಯಾನ್ ಒಂದೇ ಸಾಕು ಎಂದೆ. ಒಬ್ಬರು ಮುಖ ತಿರುಗಿಸಿದರು. ಇನ್ನೊಬ್ಬರು, "ನಿಮಗೆ ಹಳೇದೇ ಚೆಂದ ಬಿಡಿ ಅಕ್ಕ" ಎಂದರು. ಆ ಮಾತು ಮನಸ್ಸಿಗೆ ಸ್ವಲ್ಪ ನಾಟಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಹಳೆಯದೇ ಚೆಂದ ಅನ್ನುವವಳಾಗಿದ್ದರೆ ನನ್ನ ಅಡುಗೆಮನೆಯಲ್ಲಿ ಆ ಪ್ಯಾನ್ ಇರುತ್ತಲೇ ಇರಲಿಲ್ಲ.

ಚೀಸ್‌ಕೇಕ್ ಅಂದರೆ ಏನೆಂದು ಗೊತ್ತಿಲ್ಲದ ಸೋದರಿಯರು ಗಾಬರಿಯಾಗಬೇಕಿಲ್ಲ. ಹೆಸರು ಕೇಕ್, ಗುಣದಲ್ಲಿ ಅದು ನಮ್ಮ ಗಿಣ್ಣಿನ ತಂಗಿ. ಗಿಣ್ಣು ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಅದು ತಾನಾಗಿ ಗಟ್ಟಿಯಾಗುತ್ತದಲ್ಲ, ಹಾಗೆಯೇ ಗಟ್ಟಿ ಮೊಸರು ಅಥವಾ ಮೆತ್ತನೆಯ ಚೀಸ್‌ಗೆ ಸಕ್ಕರೆ ಬೆರೆಸಿ, ಬಿಸ್ಕತ್ತು ಪುಡಿಯ ಅಡಿಪಾಯದ ಮೇಲೆ ಸುರಿದು, ಸಣ್ಣ ಶಾಖದಲ್ಲಿ ಗಟ್ಟಿಯಾಗಿಸುತ್ತಾರೆ. ಎರಡರಲ್ಲೂ ಕೆಲಸ ಮಾಡುವುದು ಪ್ರೋಟೀನ್. ಹಸಿ ಗಿಣ್ಣು ಹಾಲಿನಲ್ಲಿ ಆ ಪ್ರೋಟೀನ್ ವಿಪರೀತ ಇರುವುದರಿಂದ ಬೇರೇನೂ ಬೇಡ. ಚೀಸ್‌ಕೇಕಿಗೆ ಹೊರದೇಶದವರು ಮೊಟ್ಟೆ ಹಾಕುತ್ತಾರೆ. ಮೊಟ್ಟೆ ಬೇಡವೆನ್ನುವವರು ಮೆಕ್ಕೆಜೋಳದ ಹಿಟ್ಟು, ಅಂದರೆ ಕಾರ್ನ್‌ಫ್ಲೋರ್ ಹಾಕುತ್ತಾರೆ. ಬಂಗಾಳದವರು ಗಟ್ಟಿ ಮೊಸರು, ಕಂಡೆನ್ಸ್ಡ್ ಹಾಲು ಬೆರೆಸಿ ಹಬೆಯಲ್ಲಿ ಬೇಯಿಸುವ ಭಾಪಾ ದೋಯಿ ಇದೇ ಜಾತಿ. ಒಡಿಶಾದ ನಯಾಗಡದ ಕಡೆಯ ಛೇನಾ ಪೋಡಾ ಇನ್ನೂ ಹತ್ತಿರ. ಪನೀರಿನಂಥ ಛೇನಾಕ್ಕೆ ಸಕ್ಕರೆ ಕಲಸಿ, ಎಲೆಯಲ್ಲಿ ಸುತ್ತಿ, ಕೆಂಡದ ಶಾಖದಲ್ಲಿ ಕಂದು ಬರುವ ತನಕ ಸುಡುತ್ತಾರೆ. ಅವರಿಗೆ ಪ್ಯಾನೂ ಬೇಡ, ಲ್ಯಾಚೂ ಬೇಡ. ಎಲೆಯೇ ಪ್ಯಾನ್.

ಹಾಗಿದ್ದ ಮೇಲೆ ಈ ಪ್ಯಾನ್ ಯಾಕೆ? ಗಿಣ್ಣನ್ನು ಪಾತ್ರೆಯಲ್ಲೇ ಕುಯ್ದು, ಚಮಚದಲ್ಲಿ ಎತ್ತಿ ಕೊಟ್ಟರೂ ನಡೆಯುತ್ತದೆ. ಮನೆಯವರು ಯಾರೂ ಆಕಾರ ಕೇಳುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವವರು ಕೇಳುತ್ತಾರೆ. ಚೀಸ್‌ಕೇಕ್ ಇಡಿಯಾಗಿ ನಿಲ್ಲಬೇಕು, ಅಡಿಯ ಬಿಸ್ಕತ್ತು ಪದರ ಒಂದು ಕಡೆ, ಮೇಲಿನ ಬಿಳಿ ಪದರ ಒಂದು ಕಡೆ ಕಾಣಬೇಕು. ಮಗುಚಿ ತೆಗೆದರೆ ಕೆಲಸ ಕೆಟ್ಟಿತು. ಆದ್ದರಿಂದ ಗೋಡೆ ಬೇರೆ, ತಳ ಬೇರೆ ಇರುವ ಪ್ಯಾನ್ ಮಾಡಿದ್ದಾರೆ. ಬೆಂದು ತಣ್ಣಗಾದ ಮೇಲೆ ಗೋಡೆಯ ಕೊಂಡಿ ಬಿಚ್ಚಿದರೆ ಸುತ್ತಲಿನ ಪಟ್ಟಿ ಬಳೆಯಂತೆ ಕಳಚಿ ಬರುತ್ತದೆ, ಕೇಕ್ ತಳದ ಮೇಲೆ ನಿಂತೇ ಇರುತ್ತದೆ. ಇದಕ್ಕೆ ಸ್ಪ್ರಿಂಗ್‌ಫಾರ್ಮ್ ಪ್ಯಾನ್ ಅನ್ನುತ್ತಾರೆ. ತಗಡಿನದ್ದೂ ಸಿಗುತ್ತದೆ, ಸಿಲಿಕಾನಿನದ್ದೂ ಸಿಗುತ್ತದೆ. ಸಿಲಿಕಾನಿನದರಲ್ಲಿ ಸಾಮಾನ್ಯವಾಗಿ ಗೋಡೆ ಮಾತ್ರ ಮೆತ್ತನೆಯ ಸಿಲಿಕಾನ್, ತಳ ಗಾಜಿನದ್ದು ಅಥವಾ ಪಿಂಗಾಣಿಯದ್ದು.

ಭದ್ರಾವತಿಯ ನ್ಯೂಟೌನಿನಲ್ಲಿರುವ ನನ್ನ ನಾದಿನಿಯೇ ಮೊದಲು ಇದನ್ನು ತರಿಸಿದವಳು. ಆ ಊರಿನ ಕಥೆ ನಿಮಗೆ ಹೇಳಬೇಕಿಲ್ಲ. 1923ರಲ್ಲಿ ಕಬ್ಬಿಣ ಕಾಯಿಸಲು ಶುರು ಮಾಡಿದ ಕಾರ್ಖಾನೆ ಮೊದಲಿನ ಹಾಗೆ ಓಡುತ್ತಿಲ್ಲ, ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ತಿಂಗಳ ಸಂಬಳ ನಂಬಿದ್ದ ಮನೆಗಳಲ್ಲಿ ಹೆಂಗಸರು ಹಪ್ಪಳ, ಚಕ್ಕುಲಿ, ಟೈಲರಿಂಗು, ಈಗ ಕೇಕು ಎಂದು ಒಂದಲ್ಲ ಒಂದು ಹಚ್ಚಿಕೊಂಡಿದ್ದಾರೆ. ನಾದಿನಿಯದ್ದೂ ಹಾಗೇ. ಫೋನಿನಲ್ಲಿ ನೋಡಿ, ಅಗ್ಗವೆಂದು ಒಂದು ಪ್ಯಾನ್ ತರಿಸಿದಳು. ಮನೆಗೆ ಬಂದ ದಿನವೇ ರಬ್ಬರ್ ಚಪ್ಪಲಿಯ ವಾಸನೆ. ತೊಳೆದರೂ ಹೋಗಲಿಲ್ಲ. ಮೊದಲನೇ ಕೇಕಿಗೆ ನಮ್ಮ ಮನೆಯ ಎರಡು ಲೀಟರ್ ಹಾಲಿನ ಮೊಸರು, ಪನೀರು ಹೋಗಿತ್ತು. ಗೋಡೆ ಮತ್ತು ತಳ ಕೂಡುವ ಸಂದಿನಿಂದ ಹಿಟ್ಟು ನಿಧಾನವಾಗಿ ಸೋರಿ, ಇಡ್ಲಿ ಪಾತ್ರೆಯ ನೀರೆಲ್ಲ ಬೆಳ್ಳಗಾಯಿತು. ಮೇಲಿನ ಹಬೆಯ ನೀರು ಕೇಕಿನೊಳಗೆ, ಕೇಕು ನೀರಿನೊಳಗೆ. ನಮ್ಮ ಅತ್ತೆ ನೋಡಿ, "ಹಾಲಿಗೆ ನೀರು ಹಾಕಿದರೆ ಸಂಘದಲ್ಲಿ ಹಿಡೀತಾರೆ ಕಣೇ, ಇದನ್ನು ಯಾರು ಹಿಡೀಬೇಕು?" ಎಂದರು. ಎಲ್ಲರೂ ನಕ್ಕೆವು. ನಾದಿನಿ ಮಾತ್ರ ನಗಲಿಲ್ಲ. ಮರಳಿಸುವ ಅವಧಿಯೂ ಮುಗಿದಿತ್ತು.

ಎರಡನೆಯದನ್ನು ನಾವಿಬ್ಬರೂ ಸೇರಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತಂದೆವು. 1,100 ರೂಪಾಯಿ ಆಯಿತು. ತಗಡಿನದ್ದು ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಆದರೂ ನಾನು ಸಿಲಿಕಾನಿನದ್ದಕ್ಕೇ ಒಪ್ಪಿದೆ. ಕಾರಣ ನಮ್ಮ ಮಳೆಗಾಲ. ತಗಡಿನ ಪ್ಯಾನಿಗೆ ಬಳಿದಿರುವ ಕಪ್ಪು ಲೇಪ ಒಂದು ಕಡೆ ಗೀರಿದರೆ ಸಾಕು, ಜುಲೈ ತಿಂಗಳ ಥಂಡಿಗೆ ಅಲ್ಲಿಂದ ತುಕ್ಕು ಶುರು. ಕೊಂಡಿಯ ತಂತಿ ಮೊದಲು ಕೆಡುತ್ತದೆ. ಅದರಲ್ಲೂ ನಾವು ಹಬೆಯಲ್ಲಿ ಬೇಯಿಸುವವರು. ಪ್ರತಿ ಸಲವೂ ಅದು ನೆನೆಯುತ್ತದೆ. ಸಿಲಿಕಾನಿಗೆ ತುಕ್ಕಿನ ಕಾಟವಿಲ್ಲ.

ಇನ್ನೊಂದು ಗುಣ ನಾನು ಬಳಸಿದ ಮೇಲೆ ತಿಳಿದದ್ದು. ಚೀಸ್‌ಕೇಕ್ ತಣ್ಣಗಾಗುವಾಗ ಸ್ವಲ್ಪ ಕುಗ್ಗುತ್ತದೆ. ತಗಡಿನ ಗೋಡೆಗೆ ಅಂಚು ಕಚ್ಚಿಕೊಂಡಿದ್ದರೆ ಕುಗ್ಗಲು ಜಾಗವಿಲ್ಲದೆ ನಡುವೆ ಬಿರುಕು ಬಿಡುತ್ತದೆ, ಬೇಸಿಗೆಯ ಕೆರೆಯಂಗಳದ ಹಾಗೆ. ಸಿಲಿಕಾನಿಗೆ ಅದು ಅಷ್ಟು ಕಚ್ಚುವುದಿಲ್ಲ. ಜೊತೆಗೆ ಸಿಲಿಕಾನ್ ಶಾಖವನ್ನು ಬೇಗ ದಾಟಿಸುವುದಿಲ್ಲ, ಅಂಚು ಮೊದಲೇ ಬೆಂದು ನಡು ಹಸಿಯಾಗಿ ಉಳಿಯುವುದು ಕಡಿಮೆ. ಅದೇ ಕಾರಣಕ್ಕೆ ಹೊತ್ತು ಸ್ವಲ್ಪ ಹೆಚ್ಚು ಬೇಕು. ನಮ್ಮಲ್ಲಿ ಸ್ಟೀಲ್ ಡಬ್ಬಿಗಿಂತ ಎಂಟು ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ.

ಆದರೆ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಮೊದಲು ಮೂಗಿನಿಂದ ನೋಡಿ. ಒಳ್ಳೆಯ ಸಿಲಿಕಾನಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಆಮೇಲೆ ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ತಿರುಚಿದ ಕಡೆ ಬಣ್ಣ ಬೆಳ್ಳಗಾದರೆ ಅದಕ್ಕೆ ಬೇರೆ ಪುಡಿ ಬೆರೆಸಿರಬಹುದು ಎನ್ನುತ್ತಾರೆ. ಇದು ನೂರಕ್ಕೆ ನೂರು ನಂಬುವ ಪರೀಕ್ಷೆಯಲ್ಲ, ಆದರೆ ಅಂಗಡಿಯಲ್ಲಿ ನಿಂತು ಮಾಡಬಹುದಾದದ್ದು ಇಷ್ಟೇ. ಡಬ್ಬದ ಮೇಲೆ ಆಹಾರಕ್ಕೆ ಬಳಸಬಹುದು ಎಂಬ ಬರಹ, ಲೋಟ ಮತ್ತು ಫೋರ್ಕಿನ ಚಿಹ್ನೆ, ಎಷ್ಟು ಡಿಗ್ರಿ ಶಾಖ ತಡೆಯುತ್ತದೆ ಎಂಬ ಅಂಕಿ, ತಯಾರಿಸಿದವರ ವಿಳಾಸ, ಇವು ಇರಲೇಬೇಕು. ಸಾಮಾನ್ಯವಾಗಿ 220 ಅಥವಾ 230 ಡಿಗ್ರಿ ಎಂದು ಬರೆದಿರುತ್ತಾರೆ. ಚೀಸ್‌ಕೇಕನ್ನು ಒವನಿನಲ್ಲಿ 150–160 ಡಿಗ್ರಿಯಲ್ಲಿ ಬೇಯಿಸುವುದು, ಹಬೆಯಲ್ಲಿ 100. ಹಾಗಾಗಿ ಶಾಖದ ಭಯ ಬೇಡ. ಬೇಡವೆಂದರೂ ಒಲೆಯ ಉರಿಯ ಮೇಲೆ ನೇರವಾಗಿ ಇಡುವವರಿದ್ದಾರೆ, ಅದೊಂದು ಮಾಡಬಾರದು. ಖಾಲಿ ಇಡ್ಲಿ ಪಾತ್ರೆಯ ನೀರು ಆರಿ ತಳ ಕೆಂಪಾಗುವ ತನಕ ಮರೆತರೂ ಅದೇ ಗತಿ.

ಅಳತೆ. ಇಲ್ಲಿ ಎಲ್ಲರೂ ತಪ್ಪುತ್ತಾರೆ. 9 ಇಂಚಿನದು ಅಂಗಡಿಯಲ್ಲಿ ಚೆಂದ ಕಾಣುತ್ತದೆ. ನಿಮ್ಮ ಮನೆಯ ಕುಕ್ಕರಿನ ಬಾಯಿಗೆ ಇಳಿಯಬೇಕಲ್ಲ! ಹೊಟ್ಟೆ ದೊಡ್ಡದಿದ್ದು ಬಾಯಿ ಚಿಕ್ಕದಿರುವ ಕುಕ್ಕರುಗಳಿವೆ. ಹೋಗುವ ಮೊದಲು ಒಂದು ದಾರ ತೆಗೆದುಕೊಂಡು ಬಾಯಿ ಅಳೆದು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ. ಪ್ಯಾನಿನ ಕೊಂಡಿ ಹೊರಗೆ ಚಾಚಿರುತ್ತದೆ, ತಳದ ಗಾಜು ಗೋಡೆಗಿಂತ ಅಗಲವಿರುತ್ತದೆ. ಅವನ್ನೂ ಸೇರಿಸಿ ಅಳೆದು, ಸುತ್ತಲೂ ಹಬೆ ಏಳಲು ಒಂದೊಂದು ಬೆರಳು ಜಾಗ ಬಿಟ್ಟು ಆರಿಸಿ. ನಮ್ಮ ದೊಡ್ಡ ಇಡ್ಲಿ ಪಾತ್ರೆಗೆ 7 ಇಂಚು ಸರಿಹೋಯಿತು. ಎಂಟು ತುಂಡು ಬರುತ್ತದೆ.

ಮನೆಗೆ ತಂದ ದಿನವೇ ಹಳೆಯ ಪೇಪರ್ ಹಾಸಿ, ಅದರ ಮೇಲೆ ಪ್ಯಾನ್ ಇಟ್ಟು, ಗೋಡೆ ಜೋಡಿಸಿ, ಅರ್ಧ ನೀರು ತುಂಬಿ ಕಾಲು ಗಂಟೆ ಬಿಡಿ. ಪೇಪರ್ ಒದ್ದೆಯಾದರೆ ಮರುದಿನದ ಬಸ್ಸಿಗೇ ಅಂಗಡಿಗೆ ವಾಪಸು. ಇದನ್ನು ಮೊದಲೇ ಮಾಡಿದ್ದರೆ ನಾದಿನಿಯ ಎರಡು ಲೀಟರ್ ಉಳಿಯುತ್ತಿತ್ತು.

ಈಗ ಗಿಣ್ಣಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬರು, "ಈ ಪ್ಯಾನಿನಲ್ಲಿ ಗಿಣ್ಣೂ ಮಾಡಿ ತುಂಡು ಮಾಡಿ ಮಾರಬಹುದಲ್ಲ" ಎಂದರು. ಬೇಡ. ಒಂದನೆಯದಾಗಿ ಗಿಣ್ಣು ಹಾಲು ಕೇಕಿನ ಹಿಟ್ಟಿಗಿಂತ ತೆಳು, ಯಾವ ಬಿಗಿ ಸಂದಿನಲ್ಲೂ ನುಸುಳುತ್ತದೆ. ಅದಕ್ಕೆ ನಮ್ಮ ಮುಚ್ಚಳದ ಸ್ಟೀಲ್ ಪಾತ್ರೆಯನ್ನು ಮೀರಿಸಿದ್ದು ಇಲ್ಲ. ಗಟ್ಟಿ ಹಿಟ್ಟಿಗೆ ಬಿಚ್ಚುವ ಪ್ಯಾನ್, ತೆಳು ಹಾಲಿಗೆ ಒಂದೇ ಪಾತ್ರೆ. ಎರಡನೆಯದು ಇನ್ನೂ ದೊಡ್ಡ ಮಾತು. ಗಿಣ್ಣು ಹಾಲು ಕರುವಿನದು. ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ದಾಟುವುದಿಲ್ಲ. ಹುಟ್ಟಿದ ಮೇಲೆ ಗಿಣ್ಣು ಹಾಲಿನಿಂದಲೇ ಅದು ಬರಬೇಕು. ಅರ್ಧದಿಂದ ಒಂದು ಗಂಟೆಯೊಳಗೆ ಮೊದಲ ಬಾರಿ ಕುಡಿಸಬೇಕು. ಹೊತ್ತು ಕಳೆದಂತೆ ಕರುವಿನ ಕರುಳು ಅದನ್ನು ಹೀರುವುದು ಕಡಿಮೆಯಾಗುತ್ತಾ, ಒಂದು ದಿನ ಕಳೆಯುವುದರೊಳಗೆ ನಿಂತೇ ಹೋಗುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 25–30 ಕೆಜಿಯ ಮಿಶ್ರತಳಿ ಕರುವಿಗೆ ಎರಡೂವರೆಯಿಂದ ಮೂರು ಲೀಟರ್ ಮೊದಲ ದಿನ ಹೋಗಬೇಕು. ಮಲೆನಾಡು ಗಿಡ್ಡ ಸಾಕಿದವರಿಗೆ ಗೊತ್ತು, ಅಲ್ಲಿ ಕರುವಿಗೆ ಕುಡಿಸಿ ಉಳಿಯುವುದೇ ಅಪರೂಪ. ಹೆಚ್ಚು ಹಾಲಿನ ಎಚ್‌ಎಫ್ ಹಸುವಿನಲ್ಲಿ ಉಳಿದರೆ ಮನೆಗೆ, ನೆಂಟರಿಗೆ, ಪಕ್ಕದ ಮನೆಯ ಬಸುರಿ ಹೆಣ್ಣುಮಗಳಿಗೆ. ಆರ್ಡರ್ ಹಿಡಿದು ಗಿಣ್ಣು ಮಾರಲು ಹೊರಟರೆ ಆರ್ಡರ್ ಇರುವ ದಿನ ಕರು ಹಾಕುವ ಹಸು ಎಲ್ಲಿಂದ ತರುತ್ತೀರಿ? ಕೊನೆಗೆ ಕರುವಿನ ಪಾಲಿಗೇ ಕೈ ಹಾಕುತ್ತೇವೆ, ಇಲ್ಲವೇ ಪೇಟೆಯಲ್ಲಿ ಮಾರುವ ಹಾಗೆ ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡಿ ಅದನ್ನೇ ಗಿಣ್ಣು ಅನ್ನುತ್ತೇವೆ.

ಸಂಘಕ್ಕೂ ಆ ಹಾಲು ಹಾಕುವಂತಿಲ್ಲವೆಂದು ನಮಗೆಲ್ಲ ಗೊತ್ತು. ಯಾಕೆಂದು ಮಾತ್ರ ಹೊಸಬರು ಕೇಳುತ್ತಾರೆ. ಪಾತ್ರೆಯಲ್ಲಿ ಗಿಣ್ಣನ್ನು ಗಟ್ಟಿಯಾಗಿಸುವ ಗುಣವೇ ಮಾಚೇನಹಳ್ಳಿಯ ಡೇರಿಯಲ್ಲಿ ಶತ್ರು. ಒಂದು ಕ್ಯಾನಿನ ಗಿಣ್ಣು ಹಾಲು ಬೆರೆತರೆ ಕಾಯಿಸುವಾಗ ಒಡೆದು, ಯಂತ್ರದ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಾಯಿಸಿ ನೋಡುವ ಪರೀಕ್ಷೆಯಲ್ಲಿ ಹಾಲು ಒಡೆದರೆ ಸೆಕ್ರೆಟರಿ ವಾಪಸು ಕಳಿಸುವುದು ಅದಕ್ಕೇ.

ಚೀಸ್‌ಕೇಕಿಗೆ ಬೇಕಾದದ್ದು ಮಾಮೂಲು ಹಾಲು. ನಾವು ಮಾಡುವ ಬಗೆ ಹೇಳುತ್ತೇನೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ. ಒಂದು ಲೀಟರ್ ಕೆನೆಭರಿತ ಹಾಲಿಗೆ ಹೆಪ್ಪು ಹಾಕಿ, ಆ ಮೊಸರನ್ನು ಬಿಳಿ ಪಂಚೆಯ ತುಂಡಿಗೆ ಕಟ್ಟಿ, ರಾತ್ರಿಯಿಡೀ ನೀರಿಳಿಸಬೇಕು. ಬೇಸಿಗೆಯಲ್ಲಿ ಹೊರಗೆ ನೇತುಹಾಕಿದರೆ ಹುಳಿ ಏರುತ್ತದೆ, ಫ್ರಿಜ್ಜಿನಲ್ಲಿ ಜರಡಿಯ ಮೇಲೆ ಇಡಿ. ಸುಮಾರು 400 ಗ್ರಾಂ ಗಟ್ಟಿ ಮೊಸರು ಬರುತ್ತದೆ. ಇನ್ನೊಂದು ಲೀಟರ್ ಹಾಲನ್ನು ನಿಂಬೆರಸದಿಂದ ಒಡೆದು ಪನೀರ್ ಮಾಡಿದರೆ ಹಸುವಿನ ಹಾಲಿಗೆ 150 ಗ್ರಾಂ ಆಸುಪಾಸು, ಎಮ್ಮೆಯದಾದರೆ ಇನ್ನೂ ಜಾಸ್ತಿ. ಪನೀರನ್ನು ಬಿಸಿ ಇರುವಾಗಲೇ ಮಿಕ್ಸಿಯಲ್ಲಿ ಬೆಣ್ಣೆಯಂತೆ ನುಣ್ಣಗೆ ಮಾಡಿ. ಇಲ್ಲಿ ಸೋಮಾರಿತನ ಮಾಡಿದರೆ ಕೇಕು ತಿನ್ನುವಾಗ ಮರಳು ಮರಳಾಗುತ್ತದೆ. ಮೊಸರು, ಪನೀರ್, 200 ಗ್ರಾಂ ಕಂಡೆನ್ಸ್ಡ್ ಹಾಲು, ಒಂದೂವರೆ ಚಮಚ ಕಾರ್ನ್‌ಫ್ಲೋರ್, ಸ್ವಲ್ಪ ನಿಂಬೆ ಸಿಪ್ಪೆಯ ತುರಿ ಅಥವಾ ಏಲಕ್ಕಿ, ಇಷ್ಟನ್ನು ಕೈಯಿಂದ ಕಲಸಿ. ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಬೇಡಿ, ಗಾಳಿ ತುಂಬಿಕೊಂಡು ಉಬ್ಬಿ ಆಮೇಲೆ ಕುಸಿಯುತ್ತದೆ.

ಪ್ಯಾನಿನ ತಳಕ್ಕೆ ಮಾರಿ ಬಿಸ್ಕತ್ತಿನ ಪುಡಿಗೆ ಕರಗಿದ ಬೆಣ್ಣೆ ಕಲಸಿ, ಲೋಟದ ತಳದಿಂದ ಒತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಈ ಬಿಸ್ಕತ್ತಿನ ಪದರ ಅಂಚಿನವರೆಗೂ ಗಟ್ಟಿಯಾಗಿ ಕೂತರೆ ಸೋರುವುದನ್ನೂ ಅರ್ಧ ತಡೆಯುತ್ತದೆ. ಹೊರಗಿನಿಂದ ಅಲ್ಯೂಮಿನಿಯಂ ಫಾಯಿಲನ್ನು ಎರಡು ಪದರ ಸುತ್ತಿ. ಬಾಯಿಗೆ ಒಂದು ತಟ್ಟೆ ಮುಚ್ಚಿ, ಇಡ್ಲಿ ಪಾತ್ರೆಯ ಮುಚ್ಚಳಕ್ಕೂ ಬಟ್ಟೆ ಕಟ್ಟಿ. ಹಬೆಯ ಹನಿ ಮೇಲೆ ಬಿದ್ದರೆ ಸಿಡುಬಿನ ಕಲೆಯ ಹಾಗೆ ಗುಳಿ ಬೀಳುತ್ತದೆ. ಸಿಲಿಕಾನ್ ಗೋಡೆ ಬಳುಕುತ್ತದೆ, ಎತ್ತುವಾಗ ಗೋಡೆ ಹಿಡಿಯದೆ ಅಡಿಗೆ ತಟ್ಟೆ ಕೊಟ್ಟು ಎರಡೂ ಕೈಯಲ್ಲಿ ಎತ್ತಿ. ಕುಕ್ಕರಾದರೆ ವೆಯ್ಟ್ ಹಾಕಬಾರದು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಅಲುಗಿಸಿದರೆ ಅಂಚು ನಿಂತು ನಡುವೆ ರೂಪಾಯಿ ಅಗಲ ಮಾತ್ರ ನಡುಗಬೇಕು, ಆಗ ಉರಿ ಆರಿಸಿ, ಮುಚ್ಚಳ ಓರೆ ಮಾಡಿ ಅಲ್ಲೇ ಬಿಡಿ. ಗಿಣ್ಣು ಬೆಂದದ್ದನ್ನು ನೋಡಿ ಪಳಗಿದ ಕಣ್ಣಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಬಿಸಿ ಇರುವಾಗ ಕೊಂಡಿ ಬಿಚ್ಚುವ ಆಸೆ ಬೇಡ. ಒಂದು ರಾತ್ರಿ ಫ್ರಿಜ್ಜಿನಲ್ಲಿದ್ದು ಬೆಳಿಗ್ಗೆ ಬಿಚ್ಚಬೇಕು. ಗಾಜಿನ ತಳವನ್ನು ಬಿಸಿಯಿಂದ ನೇರ ತಣ್ಣೀರಿಗೆ ಇಟ್ಟರೆ ಬಿರಿಯುತ್ತದೆ. ತುಂಡು ಮಾಡುವಾಗ ಚಾಕು ಗಾಜಿಗೆ ತಾಗಿದರೆ ಪರವಾಗಿಲ್ಲ, ಸಿಲಿಕಾನಿಗೆ ತಾಗಕೂಡದು.

ತೊಳೆಯುವುದನ್ನು ಹಾಲು ಕರೆಯುವ ಯಂತ್ರ ಇಟ್ಟುಕೊಂಡಿರುವ ಸೋದರಿಯರು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲರು. ಅದರ ಲೈನರುಗಳೂ ರಬ್ಬರಿನವು ಅಥವಾ ಸಿಲಿಕಾನಿನವೇ ತಾನೆ? ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿನೀರು ಮತ್ತು ಸೋಪು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶ ಬೆಂದು ಅಂಟಿಕೊಳ್ಳುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ಇಲ್ಲಿಗೂ ಹೊಂದುತ್ತದೆ. ತಂತಿಯ ಜುಂಗು ಹಾಕಿ ಉಜ್ಜಬೇಡಿ. ಗೀರು ಬಿದ್ದ ಕಡೆ ಜಿಡ್ಡು ಕೂರುತ್ತದೆ. ಬಿರುಕು ಬಿಟ್ಟ ಲೈನರನ್ನು ನಾವು ಎಸೆಯುತ್ತೇವಲ್ಲ, ಬಿರುಕು ಬಿಟ್ಟ ಪ್ಯಾನಿಗೂ ಅದೇ ನ್ಯಾಯ. ಸಿಲಿಕಾನ್ ಜಿಡ್ಡಿನ ಜೊತೆ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿ. ಒಗ್ಗರಣೆ, ಬೆಳ್ಳುಳ್ಳಿ ಖಾದ್ಯಕ್ಕೆ ಈ ಪ್ಯಾನ್ ಕೊಡಲೇಬೇಡಿ.

ಇನ್ನು ಲೆಕ್ಕ. ಜಗಳವಾದದ್ದೇ ಅಲ್ಲಿ. ಸಂಘದ ದರ ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳಿ, ನಿಮ್ಮದು ಬೇರೆ ಇದ್ದರೆ ಬೇರೆ ಹಾಕಿ. ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಮನೆಯಲ್ಲಿ ಉಳಿಸಿಕೊಂಡ ಹಾಲಿಗೆ ಅದೂ ಇಲ್ಲ ಎಂಬುದನ್ನು ನಮ್ಮವರು ಮರೆಯುತ್ತಾರೆ. ಹಾಗಾಗಿ ಎರಡು ಲೀಟರಿಗೆ 80. ಕಂಡೆನ್ಸ್ಡ್ ಹಾಲು 75, ಬಿಸ್ಕತ್ತು ಬೆಣ್ಣೆ 60, ಉಳಿದ ಚಿಲ್ಲರೆ ಸಾಮಾನು 15, ಗ್ಯಾಸ್ 15, ಡಬ್ಬ 20. ಒಟ್ಟು 265. ನಾದಿನಿ ತುಂಡಿಗೆ 60ರಂತೆ ಎಂಟು ತುಂಡು ಕೊಟ್ಟರೆ 480. ಉಳಿದದ್ದು 215. ಕೈಕೆಲಸದ ಕೂಲಿ, ಬಸ್ ಚಾರ್ಜು ಹಿಡಿದಿಲ್ಲ. ಈ ಲೆಕ್ಕದಲ್ಲಿ 1,100ರ ಪ್ಯಾನ್ ಆರನೇ ಕೇಕಿಗೆ ದುಡ್ಡು ತೀರಿಸುತ್ತದೆ. ಕೆಡದೆ ಬಂದ ಆರು ಕೇಕು, ನೆನಪಿರಲಿ.

ಅದೇ 40,000 ಸಾಲವಾದರೆ? 215ರಂತೆ ತೀರಿಸಲು ಬಡ್ಡಿ ಬಿಟ್ಟು 187 ಕೇಕು ಬೇಕು. ನಮಗೆ ಈಗ ಬರುತ್ತಿರುವುದು ವಾರಕ್ಕೆ ಎರಡು ಆರ್ಡರು. ಅಂದರೆ ಹತ್ತಿರ ಹತ್ತಿರ ಎರಡು ವರ್ಷ. ಅಷ್ಟರಲ್ಲಿ ಒಂದು ಹಸು ಗಬ್ಬ ನಿಲ್ಲದಿದ್ದರೆ, ಕೆಚ್ಚಲು ಬಾವು ಬಂದರೆ, ಆ ಕಂತನ್ನು ಬಟವಾಡೆ ದುಡ್ಡಿನಿಂದಲೇ ಕಟ್ಟಬೇಕು. ಬಟವಾಡೆ ನಮ್ಮ ಹೆಸರಿನ ಖಾತೆಗೆ ಬರುತ್ತದೆ, ಮನೆಯಲ್ಲಿ ನಮ್ಮ ಮಾತಿಗೆ ಒಂದಿಷ್ಟು ತೂಕ ಬಂದಿದ್ದರೆ ಅದರಿಂದಲೇ. ಅದನ್ನು ಯಾರಿಗೋ ರುಚಿ ನೋಡಿ ಮರೆತುಹೋಗಬಹುದಾದ ತಿಂಡಿಯ ಸಾಲಕ್ಕೆ ಅಡವಿಡಲು ನನಗೆ ಮನಸ್ಸಿಲ್ಲ. ಇದು ನನ್ನ ಅಭಿಪ್ರಾಯ. ವಾರಕ್ಕೆ ಹತ್ತು ಆರ್ಡರ್ ಬಂದ ದಿನ ಒವನ್ ಬೇಕೆಂದು ನಾನೇ ಮೊದಲು ಕೈ ಎತ್ತುತ್ತೇನೆ.

ಕರೆಂಟಿನ ಮಾತು ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಗಾಳಿ ಬಂದರೆ ಲೈನ್ ಹೋಯಿತು. ಒವನ್ ನಿಂತರೆ ಅರೆಬೆಂದ ಕೇಕು, ಫ್ರಿಜ್ಜು ನಿಂತರೆ ಹುಳಿ ಕೇಕು. ಹಬೆಯ ದಾರಿಯಲ್ಲಿ ಮೊದಲನೆಯದಾದರೂ ತಪ್ಪುತ್ತದೆ.

ಮಾರುವವರು ತಿಳಿದಿರಬೇಕಾದ ಕಾನೂನಿನ ಮಾತೊಂದಿದೆ. ಹಾಲು ಸಂಘದ ಸದಸ್ಯೆಯಾಗಿ ಇಡೀ ಹಾಲನ್ನು ಸಂಘಕ್ಕೇ ಹಾಕುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿಯಿಂದ ವಿನಾಯಿತಿ ಇದೆ. ಅದೇ ಹಾಲಿನಿಂದ ತಿಂಡಿ ಮಾಡಿ ಮಾರಲು ಹೊರಟ ದಿನ ಆ ವಿನಾಯಿತಿ ನಿಮ್ಮ ತಿಂಡಿಗೆ ಅನ್ವಯಿಸುವುದಿಲ್ಲ, ನೋಂದಣಿ ಮಾಡಿಸಲೇಬೇಕು. ಡಬ್ಬದ ಮೇಲೆ ಮಾಡಿದ ದಿನ, ಮೊಟ್ಟೆ ಇದೆಯೋ ಇಲ್ಲವೋ, ತಣ್ಣಗೆ ಇಡಬೇಕು ಎಂಬುದನ್ನು ಬರೆಯಿರಿ. ಎರಡು ದಿನ ಮೀರಿದ್ದನ್ನು ನಾವು ಮಾರುವುದಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಗಂಟೆ ಬಸ್ಸೆಂದರೂ ಮೇ ತಿಂಗಳಲ್ಲಿ ಐಸ್ ಪೆಟ್ಟಿಗೆಯಿಲ್ಲದೆ ಕಳಿಸಬಾರದು. ನಾದಿನಿ ಹಾಲಿನ ಬೂತಿನವರ ಹಳೆಯ ಥರ್ಮಾಕೋಲ್ ಪೆಟ್ಟಿಗೆ ಕೇಳಿ ತಂದಿದ್ದಾಳೆ.

ಒಕ್ಕೂಟದವರಲ್ಲಿ ಒಂದು ಕೋರಿಕೆ. ನಮಗೆ ಹಸಿರು ಮೇವು, ಶುದ್ಧ ಹಾಲು ಉತ್ಪಾದನೆ, ಕರು ಸಾಕಣೆಯ ತರಬೇತಿ ಕೊಡುತ್ತೀರಿ, ಸಂತೋಷ. ಅದರ ಜೊತೆ ಅರ್ಧ ದಿನ ಪನೀರ್, ಗಟ್ಟಿ ಮೊಸರು, ಅವುಗಳ ತಿಂಡಿಯ ಲೆಕ್ಕ ಹೇಳಿಕೊಡಿ. ಮಾಡುವುದು ನಮಗೆ ಬರುತ್ತದೆ, ಲೆಕ್ಕ ಬರೆಯುವುದೇ ಕಷ್ಟ. ಮನೆಯಲ್ಲಿ ಎಷ್ಟು ಲೀಟರ್ ಉಳಿಸಿಕೊಂಡರೆ ಲಾಭ, ಎಷ್ಟಾದರೆ ಬೋನಸ್ಸಿಗೂ ಪ್ರೋತ್ಸಾಹಧನಕ್ಕೂ ಪೆಟ್ಟು ಎಂದು ನಿಮ್ಮಲ್ಲಿರುವ ಅಂಕಿ ಇಟ್ಟುಕೊಂಡು ಯಾರಾದರೂ ಕೂತು ಹೇಳಿದರೆ, ನಮ್ಮ ಜಗಲಿಯ ಜಗಳ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ನಮ್ಮ ಗುಂಪು ಸದ್ಯಕ್ಕೆ ಸಾಲದ ಅರ್ಜಿಯನ್ನು ಮುಂದಕ್ಕೆ ಹಾಕಿದೆ. ಮುಖ ತಿರುಗಿಸಿದ್ದ ಸೋದರಿ ಮೊನ್ನೆ ಕ್ಯಾನ್ ಇಳಿಸುವಾಗ ತಾವೇ ಮಾತಾಡಿಸಿ, "ಆ ಪ್ಯಾನ್ ಒಂದು ವಾರ ನಮ್ಮನೆಗೆ ಕೊಡಿ ಅಕ್ಕ, ಮಗಳ ಹುಟ್ಟುಹಬ್ಬ ಇದೆ" ಎಂದರು. ಕೊಟ್ಟಿದ್ದೇನೆ. ದಾರದಿಂದ ಕುಕ್ಕರಿನ ಬಾಯಿ ಅಳೆದು ನೋಡಿ ಎಂದೂ ಹೇಳಿದ್ದೇನೆ. ಗುರುವಾರ ವಾಪಸು ಬರಬೇಕು. ಶುಕ್ರವಾರ ನ್ಯೂಟೌನಿನ ಆರ್ಡರ್ ಇದೆ.